ಮನೆಯ ಹೊಣೆ ನನ್ನದು, ಸಹಿ ಮಾತ್ರ ಬೇರೆಯವರದು

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಹಳ್ಳಿಯೊಂದರ ಸೊಸೆ. ವಯಸ್ಸು 28, ಬಿ.ಎಡ್. ಮುಗಿಸಿದ್ದೇನೆ. ನಮ್ಮ ಮನೆಯವರು ಸೈನ್ಯದಲ್ಲಿ ನಾಯಕ್ ಆಗಿದ್ದಾರೆ. ಐದು ತಿಂಗಳ ಹಿಂದೆ ಅವರ ಯೂನಿಟ್ ಫೀಲ್ಡಿಗೆ, ಅಂದರೆ ಕುಟುಂಬವನ್ನು ಕರೆದೊಯ್ಯಲಾಗದ ಗಡಿ ಕಡೆಯ ಸೇವೆಗೆ ಹೋದಾಗ, ಅವರೊಂದಿಗೆ ಕ್ವಾರ್ಟರ್ಸಿನಲ್ಲಿದ್ದ ನಾನು ಮೂರೂವರೆ ವರ್ಷದ ಮಗಳನ್ನು ಕರೆದುಕೊಂಡು ಅತ್ತೆ, ಮಾವ, ಮೈದುನ, ನೆಗೆಣ್ಣಿ ಇರುವ ಮನೆಗೆ ಬಂದೆ. ಹತ್ತು ದಿನಕ್ಕೊಮ್ಮೆ ಫೋನು ಬಂದರೆ ಹೆಚ್ಚು. ಬಾರದ ರಾತ್ರಿ ನಿದ್ದೆ ಹತ್ತುವುದಿಲ್ಲ. ಮಗಳು ಅಪ್ಪನೊಂದಿಗೆ ಫೋನಿನಲ್ಲಿ ಮಾತನಾಡಲು ಒಲ್ಲೆ ಎನ್ನುತ್ತಾಳೆ. ಅವರು ಕಳಿಸುವ ಹಣ ಮೈದುನನ ಖಾತೆಗೆ ಬರುತ್ತದೆ. ಔಷಧಿಗೂ ಕೇಳಿ ಪಡೆಯಬೇಕು. ದಾಯಾದಿಗಳು ನಮ್ಮ ಹೊಲದ ಬದು ಸರಿಸಿದ್ದಾರೆ, ಅದನ್ನು ಫೀಲ್ಡಿನಲ್ಲಿರುವ ಅವರಿಗೆ ತಿಳಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಊರವರು ‘ಮಿಲಿಟ್ರಿಯವನ ಹೆಂಡತಿ, ನಿನಗೇನು ಕಡಿಮೆ’ ಎನ್ನುತ್ತಾರೆ. ಖಾಸಗಿ ಶಾಲೆಯ ಕೆಲಸಕ್ಕೆ ಹೋಗಲೇ? ಇಂಥ ಹೊತ್ತಿನಲ್ಲಿ ಪಂಚಮಿಗೆ ತವರಿಗೆ ಹೋದರೆ ತಪ್ಪಾಗುತ್ತದೆಯೇ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಯಜಮಾನರ ಯೂನಿಟ್ಟಿನ ಹೆಸರೂ ಅವರಿರುವ ಜಾಗದ ಹೆಸರೂ ಇದ್ದವು. ಎರಡನ್ನೂ ಇಲ್ಲಿ ಕೈಬಿಟ್ಟಿದ್ದೇನೆ. ಕಾರಣವನ್ನು ಮುಂದೆ ಹೇಳುತ್ತೇನೆ. ನನ್ನ ಪತಿ ಹವಾಲ್ದಾರರಾಗಿ ನಿವೃತ್ತರಾದವರು. ಅವರು ಫೀಲ್ಡಿನಲ್ಲಿದ್ದ ಎರಡು ಅವಧಿಗಳನ್ನು ನಾನು ಬಳ್ಳಾರಿಯ ಅತ್ತೆಮನೆಯಲ್ಲಿ ಕಳೆದಿದ್ದೇನೆ. ಆಮೇಲೆ ಈ ಭಾಗದ ಸೈನಿಕರ ಕುಟುಂಬಗಳಿಗೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತ ಬಂದಿದ್ದೇನೆ. ನೀವು ಕೇಳಿದ ಪ್ರಶ್ನೆಗಳು ಹಲವು, ಆದರೆ ಪತ್ರವನ್ನು ಮತ್ತೆ ಮತ್ತೆ ಓದಿದಾಗ ಅವೆಲ್ಲದರ ಬುಡದಲ್ಲಿ ನನಗೆ ಕಂಡ ತೊಡಕು ಒಂದೇ: ಅವರು ಜೊತೆಯಲ್ಲಿದ್ದಾಗ ಹೊರುತ್ತಿದ್ದ ಹೊಣೆಯೆಲ್ಲ ನಿಮ್ಮ ಹೆಗಲಿಗೆ ಬಂದಿದೆ, ಆ ಹೊಣೆಯ ಜೊತೆಗೆ ಬರಬೇಕಾಗಿದ್ದ ಅಧಿಕಾರ ಮಾತ್ರ ಬಂದಿಲ್ಲ. ಮಗಳಿಗೆ ಜ್ವರ ಬಂದರೆ ಓಡಬೇಕಾದವರು ನೀವು, ಆಸ್ಪತ್ರೆಯಲ್ಲಿ ಕಟ್ಟಬೇಕಾದ ಹಣ ಮೈದುನನ ಜೇಬಿನಲ್ಲಿ. ನಿಮ್ಮನ್ನು ರಾತ್ರಿ ಎಚ್ಚರವಾಗಿಡುವ ಕಳವಳದಲ್ಲಿ ಅರ್ಧ ಪಾಲು ಇದರದ್ದೇ ಎಂಬುದು ನನ್ನ ಅನಿಸಿಕೆ. ಆದ್ದರಿಂದ ಈ ಉತ್ತರದಲ್ಲಿ ಮನಸ್ಸಿನ ವಿಚಾರಕ್ಕಿಂತ ಕಾಗದಪತ್ರಗಳ ವಿಚಾರವೇ ಹೆಚ್ಚಾದರೆ ಬೇಸರಿಸಬೇಡಿ.

ಮೊದಲು ಫೋನಿನ ಮಾತು. ಮುಂಚೂಣಿಯ ಠಾಣೆಗಳಲ್ಲಿ ಸಿಗ್ನಲ್ ಸಿಗದಿರುವುದೂ ಉಂಟು, ಸಿಕ್ಕರೂ ಬಳಸಲು ಅನುಮತಿ ಇಲ್ಲದಿರುವುದೂ ಉಂಟು. ಹಿಮ ಬಿದ್ದ ವಾರಗಳಲ್ಲಿ ಮೇಲಿನ ಠಾಣೆಯವರು ಕೆಳಗಿಳಿಯುವುದೇ ಆಗುವುದಿಲ್ಲ. ಸಿಯಾಚಿನ್‌ನಂಥ ಕಡೆ ಒಬ್ಬ ಜವಾನ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು ಒಂದೇ ಠಾಣೆಯಲ್ಲಿ ಇರಬೇಕಾಗುತ್ತದೆ. ಹೀಗಾಗಿ ಫೋನು ಬರಲಿಲ್ಲವೆಂದರೆ ಅದರ ಅರ್ಥ ಫೋನು ಬರಲಿಲ್ಲ ಎಂದಷ್ಟೇ. ಸೈನಿಕನಿಗೆ ಏನಾದರೂ ಆದರೆ ಅದನ್ನು ದಾಖಲೆಯಲ್ಲಿರುವ ಹತ್ತಿರದ ಬಂಧುವಿಗೆ ಸೈನ್ಯವೇ ಅಧಿಕೃತವಾಗಿ ತಿಳಿಸುತ್ತದೆ. ಊಹಿಸಿಕೊಳ್ಳಲೆಂದು ಮನೆಯವರನ್ನು ಬಿಡುವುದಿಲ್ಲ. ಟಿವಿಯಲ್ಲಿ ಗಡಿಯ ಸುದ್ದಿ ಬಂದಾಗಲೆಲ್ಲ ನನ್ನ ಪತಿಯ ಜೊತೆಯವರ ಹೆಂಡತಿಯರಿಗೆ ಒಬ್ಬರಾದ ಮೇಲೊಬ್ಬರಿಗೆ ಫೋನು ಹಚ್ಚುವ ಅಭ್ಯಾಸ ನನಗೂ ಇತ್ತು, ಅದರಿಂದ ಎಂಟು ಮನೆಗಳಲ್ಲಿ ಒಂದೇ ರಾತ್ರಿ ನಿದ್ದೆ ಕೆಡುತ್ತಿತ್ತೇ ಹೊರತು ಯಾರಿಗೂ ಹೊಸದೇನೂ ತಿಳಿಯುತ್ತಿರಲಿಲ್ಲ. ಯೂನಿಟ್ ಹೊರಡುವಾಗ ಹಿಂದೆ ಉಳಿದ ಸಿಬ್ಬಂದಿಯ ನಂಬರನ್ನು ಕುಟುಂಬಗಳಿಗೆ ಕೊಟ್ಟಿರುತ್ತಾರೆ. ನಿಮ್ಮ ಬಳಿ ಅದು ಇಲ್ಲದಿದ್ದರೆ ಮುಂದಿನ ಕರೆಯಲ್ಲಿ ಕೇಳಬೇಕಾದ ಮೊದಲ ವಿಷಯ ಅದೇ.

ಎರಡನೆಯದಾಗಿ, ಕಾಗದ ಬರೆಯಿರಿ. ಈಗಿನ ಕಾಲದಲ್ಲಿ ಇದು ಹಳೆಯ ಮಾತೆನಿಸಬಹುದು, ಆದರೆ ಏಳೆಂಟು ನಿಮಿಷದ ಕರೆಯಲ್ಲಿ ಅತ್ತೆಯವರ ಮಂಡಿನೋವು, ಹೊಲದ ಬದು, ಮಗಳ ಹೊಸ ಮಾತು, ನಿಮ್ಮ ಮನಸ್ಸು ಇಷ್ಟೂ ಹಿಡಿಸುವುದಿಲ್ಲ. ಅವರ ಸೇನಾ ಸಂಖ್ಯೆ, ಹುದ್ದೆ, ಹೆಸರು, ಯೂನಿಟ್ ಬರೆದು, ಕೆಳಗೆ ‘56 ಎಪಿಒ’ ಅಥವಾ ‘99 ಎಪಿಒ’ ಎಂಬ ಸೇನಾ ಅಂಚೆಯ ವಿಳಾಸವನ್ನೂ 9ರಿಂದ ಶುರುವಾಗುವ ಪಿನ್ ಕೋಡನ್ನೂ ಬರೆದರೆ ಊರಿನ ಅಂಚೆ ಕಚೇರಿಯಲ್ಲಿ ಹಾಕಿದ ಕಾಗದ ಸಾಮಾನ್ಯ ಅಂಚೆ ದರದಲ್ಲೇ ಅವರನ್ನು ಮುಟ್ಟುತ್ತದೆ. ರಾಜ್ಯದ ಹೆಸರು, ಊರಿನ ಹೆಸರು ಬರೆಯುವ ಅಗತ್ಯವೇ ಇಲ್ಲ. ವಾರಕ್ಕೊಂದು ಕಾಗದ ಸಾಕು. ಬರೆಯುವಾಗ ನೀವೇ ಗಮನಿಸುತ್ತೀರಿ: ಯಾವುದು ಅವರು ತೀರ್ಮಾನಿಸಬೇಕಾದ ವಿಷಯ, ಯಾವುದು ನೀವೇ ತೀರ್ಮಾನಿಸಿ ತಿಳಿಸಿದರೆ ಸಾಕಾದ ವಿಷಯ ಎಂಬುದು ಎರಡನೆಯ ಕಾಗದದ ಹೊತ್ತಿಗೆ ತಾನಾಗಿ ಬೇರ್ಪಡುತ್ತದೆ. ಕರೆಯನ್ನು ಮಾತ್ರ ಮನೆಯವರೆಲ್ಲ ಹಂಚಿಕೊಳ್ಳಬೇಕು. ಮೊದಲ ಎರಡು ನಿಮಿಷ ಅತ್ತೆಯವರಿಗೆ ಕೊಡಿ, ಅವರೂ ಕಾಯುತ್ತಿರುವವರೇ. ಆಮೇಲೆ ಫೋನು ಹಿಡಿದು ಮಾಳಿಗೆಯ ಮೇಲೆ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿರಿಯರನ್ನು ಕೊನೆಗೆ ಮಾತನಾಡಿಸಿದ ಮನೆಗಳಲ್ಲಿಯೇ ಫೋನಿನ ಸಲುವಾಗಿ ಮುನಿಸು ಬೆಳೆದದ್ದನ್ನು ನಾನು ನೋಡಿದ್ದೇನೆ.

ಇನ್ನು ಹಣ. ಮೈದುನ ಕೆಟ್ಟವರೆಂದು ನೀವು ಬರೆದಿಲ್ಲ, ನಾನೂ ಹಾಗೆ ಭಾವಿಸುವುದಿಲ್ಲ; ಮದುವೆಗೆ ಮುಂಚೆ ನಡೆದುಕೊಂಡು ಬಂದ ಏರ್ಪಾಡು ಹಾಗೆಯೇ ಮುಂದುವರಿದಿದೆ ಅಷ್ಟೇ. ಆದರೂ ಅದನ್ನು ಬದಲಾಯಿಸಬೇಕು, ಮತ್ತು ಅದನ್ನು ಮನೆಯವರ ಮುಂದೆ ಎತ್ತಬೇಕಾದವರು ನಿಮ್ಮ ಪತಿಯೇ ಹೊರತು ನೀವಲ್ಲ. ಸೊಸೆ ಕೇಳಿದರೆ ಅದು ಪಾಲಿನ ಜಗಳ, ಮಗ ಹೇಳಿದರೆ ಅದು ವ್ಯವಸ್ಥೆ. ನಮ್ಮ ಕಡೆಯ ಮನೆಗಳು ಹೀಗೆಯೇ ಯೋಚಿಸುತ್ತವೆ, ಅದರೊಂದಿಗೆ ಈಗಲೇ ಹೋರಾಡಲು ಹೋಗಬೇಡಿ. ಕಾಗದದಲ್ಲಿ ಅವರಿಗೆ ಮೂರು ಕೆಲಸ ಹೇಳಿ. ಸಂಬಳ ಬರುವ ಖಾತೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಖಾತೆಯಾಗಿ ಮಾಡಿಸುವುದು, ಅದು ತಡವಾಗುವುದಾದರೆ ನಿಮ್ಮ ಹೆಸರಿನ ಖಾತೆಗೆ ಪ್ರತಿ ತಿಂಗಳು ಗೊತ್ತಾದ ದಿನ ಗೊತ್ತಾದ ಮೊತ್ತ ತಾನಾಗಿ ಬರುವಂತೆ ಬ್ಯಾಂಕಿಗೆ ಸೂಚನೆ ಕೊಡುವುದು, ಅತ್ತೆ ಮಾವನವರ ಖರ್ಚಿಗೆ ಬೇರೆಯಾಗಿ ಅವರಿಗೇ ಕಳಿಸುವುದು. ಈ ಮೂರನೆಯದನ್ನು ಮರೆತರೆ ಮೊದಲಿನ ಎರಡೂ ಕೆಡುತ್ತವೆ. ನಿಮ್ಮ ಖಾತೆಗೆ ಬಂದ ಹಣದ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರೂ ಕೇಳದಿರಬಹುದು, ಆದರೆ ಕೇಳಿದ ದಿನ ಎತ್ತರದ ದನಿಯ ಅಗತ್ಯ ಬೀಳುವುದಿಲ್ಲ.

ನಾಮಿನಿಯ ವಿಷಯವನ್ನೂ ಇದರೊಂದಿಗೆ ಕೇಳಬೇಕು. ಗಂಡ ಗಡಿಯಲ್ಲಿರುವಾಗ ಹೆಂಡತಿಯಾದವಳು ‘ವಿಮೆಗೆ ಯಾರ ಹೆಸರು ಬರೆಸಿದ್ದೀರಿ’ ಎಂದು ಕೇಳುವುದು ಅಪಶಕುನ ಎಂದು ನನ್ನ ಅತ್ತೆಯೂ ಬೈದಿದ್ದರು. ಆದರೆ ನಿಮ್ಮ ಪತಿ ಭರ್ತಿಯಾದಾಗ ಮದುವೆಯಾಗಿರಲಿಲ್ಲ. ಆಗ ಸೇನಾ ಗುಂಪು ವಿಮೆ, ಭವಿಷ್ಯನಿಧಿ, ಬ್ಯಾಂಕ್ ಖಾತೆ ಎಲ್ಲದಕ್ಕೂ ತಂದೆ ಅಥವಾ ತಾಯಿಯ ಹೆಸರನ್ನು ಬರೆಸಿರುತ್ತಾರೆ. ಮದುವೆಯಾದ ಮೇಲೆ ಅದನ್ನು ಪುನಃ ಬರೆಸಬೇಕೆಂಬುದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ತಾಯಿಗೂ ಹೆಂಡತಿಗೂ ಪಾಲು ಹಾಕಿ ಬರೆಸಲು ಅವಕಾಶವಿರುವ ಕಡೆ ಹಾಗೆಯೇ ಬರೆಸಿದರೆ ಮನೆಯಲ್ಲಿ ಮನಸ್ತಾಪಕ್ಕೆ ಎಡೆಯಿಲ್ಲ.

ಈಗ ನಾನು ಅತಿ ಮುಖ್ಯವೆಂದು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ಸೈನ್ಯದ ದೃಷ್ಟಿಯಲ್ಲಿ ನೀವು ಅವರ ಹೆಂಡತಿ ಎಂಬುದಕ್ಕೆ ಆಧಾರ ತಾಳಿಯೂ ಅಲ್ಲ, ಲಗ್ನಪತ್ರಿಕೆಯೂ ಅಲ್ಲ. ‘ಪಾರ್ಟ್ 2 ಆರ್ಡರ್’ ಎಂದು ಕರೆಯುವ ಪ್ರಕಟಣೆ. ಮದುವೆ, ಮಕ್ಕಳ ಜನನ, ವಿಳಾಸದ ಬದಲಾವಣೆ ಎಲ್ಲವೂ ಯೂನಿಟ್ಟಿನ ಮೂಲಕ ಅದರಲ್ಲಿ ಪ್ರಕಟವಾಗಿ, ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿನ ಕಡತ ಸೇರಬೇಕು. ಅದಾಗದಿದ್ದರೆ ಅವಲಂಬಿತರ ಕಾರ್ಡು, ಕ್ಯಾಂಟೀನ್ ಕಾರ್ಡು, ಸೇನಾ ಆಸ್ಪತ್ರೆಯ ಚಿಕಿತ್ಸೆ, ಮಗಳ ಶಿಕ್ಷಣ ಭತ್ಯೆ ಒಂದೂ ಸುಸೂತ್ರವಾಗಿ ಸಿಗುವುದಿಲ್ಲ. ನೀವು ಕ್ವಾರ್ಟರ್ಸಿನಲ್ಲಿ ಇದ್ದವರಾದ್ದರಿಂದ ಮದುವೆಯದು ಆಗಿರಲೇಬೇಕು. ಮಗಳದು ಆಗಿದೆಯೇ, ಯಾವ ಹೆಸರಿನಲ್ಲಿ ಆಗಿದೆ ಎಂಬುದನ್ನು ನೋಡಿ. ನಮ್ಮ ಸೀಮೆಯ ದೊಡ್ಡ ತೊಡಕು ಹೆಸರಿನದೇ. ತವರಿನಲ್ಲಿ ಇಟ್ಟ ಹೆಸರು ಶಾಲೆಯ ಟಿಸಿಯಲ್ಲಿ, ಮದುವೆಯಲ್ಲಿ ಬದಲಾಯಿಸಿದ ಹೆಸರು ಆಧಾರಿನಲ್ಲಿ, ‘ಅಮ್ಮ’ ಸೇರಿಸಿ ಕರೆದದ್ದು ಪಡಿತರ ಚೀಟಿಯಲ್ಲಿ, ಅದನ್ನೇ ಹಿಂದಿ ಬಲ್ಲ ಗುಮಾಸ್ತನೊಬ್ಬ ಕೇಳಿದಂತೆ ಬರೆದುಕೊಂಡದ್ದು ಸೈನ್ಯದ ದಾಖಲೆಯಲ್ಲಿ. ಮಗುವಿಗಾದರೆ ಜನನ ಪ್ರಮಾಣಪತ್ರದಲ್ಲಿ ಅಜ್ಜಿಯ ಹೆಸರು, ಅಂಗನವಾಡಿಯಲ್ಲಿ ಮುದ್ದಿನ ಹೆಸರು. ನನ್ನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಬಿದ್ದಿದ್ದನ್ನು ಸರಿಪಡಿಸಲು ಅಫಿಡವಿಟ್ಟು, ಪತ್ರಿಕೆಯ ಜಾಹೀರಾತು, ಮೂರು ಕಚೇರಿ ಎಂದು ಹನ್ನೊಂದು ತಿಂಗಳು ಓಡಾಡಿದ್ದೇನೆ. ಈ ವಾರವೇ ನಿಮ್ಮ ಮತ್ತು ಮಗಳ ಎಲ್ಲ ದಾಖಲೆಗಳನ್ನು ನೆಲದ ಮೇಲೆ ಹರಡಿಕೊಂಡು ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು ಮೂರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಸೈನ್ಯದ ದಾಖಲೆಯಲ್ಲಿರುವ ರೂಪಕ್ಕೆ ಉಳಿದವನ್ನು ಹೊಂದಿಸಿಕೊಳ್ಳುವುದು ಸಾಮಾನ್ಯವಾಗಿ ಸುಲಭ. ಯಜಮಾನರು ಊರಲ್ಲಿ ಇಲ್ಲದಿದ್ದರೂ ಇದರಲ್ಲಿ ಮುಕ್ಕಾಲು ಪಾಲು ಕೆಲಸವನ್ನು ನೀವೊಬ್ಬರೇ ಮಾಡಬಹುದು.

ಮಗಳನ್ನು ಶಾಲೆಗೆ ಸೇರಿಸಿದ ಮೇಲೆ, ಒಂದನೆಯ ತರಗತಿಗೆ ಮುಂಚಿನ ತರಗತಿಗಳಿಂದಲೇ ಮಕ್ಕಳ ಶಿಕ್ಷಣ ಭತ್ಯೆ ಸಿಗುತ್ತದೆ. 2024ರ ಜನವರಿಯಿಂದ ಅದು ತಿಂಗಳಿಗೆ 2,812 ರೂಪಾಯಿ 50 ಪೈಸೆ, ಅಂದರೆ ವರ್ಷಕ್ಕೆ 33,750 ರೂಪಾಯಿ. ವರ್ಷ ಮುಗಿದಾಗ ಮಗು ಆ ಶಾಲೆಯಲ್ಲಿ ಓದಿದ್ದಕ್ಕೆ ಮುಖ್ಯೋಪಾಧ್ಯಾಯರಿಂದ ಪ್ರಮಾಣಪತ್ರ ಪಡೆದು ನೀವು ಕಳಿಸಿಕೊಟ್ಟರೆ ಅವರು ಅಲ್ಲಿ ಅರ್ಜಿ ಹಾಕುತ್ತಾರೆ. ಆ ಪ್ರಮಾಣಪತ್ರದಲ್ಲೂ ಹೆಸರು ಸರಿಯಿರಲಿ.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಭಾಗದವರಿಗೆ ದೂರವೇ ಕಷ್ಟ. ನಿಮಗೆ ಸೇನಾ ಆಸ್ಪತ್ರೆ ಎಂದರೆ ಬೆಳಗಾವಿ, ರಾಯಚೂರಿನ ಕಡೆಯವರಿಗೆ ಸಿಕಂದರಾಬಾದ್, ಬಳ್ಳಾರಿಯಿಂದ ಅನೇಕರು ಹೋಗುವುದು ಬೆಂಗಳೂರಿಗೆ. ಹಲ್ಲು, ಕಣ್ಣು, ಹಳೆಯ ಕಾಯಿಲೆಗಳಿಗೆ ಅಲ್ಲಿಗೆ ಹೋಗಬಹುದು. ನಡುರಾತ್ರಿಯ ಜ್ವರಕ್ಕೆ ಹೋಗಲಾಗದು. ತುರ್ತು ಸಂದರ್ಭದಲ್ಲಿ ಹತ್ತಿರದ ಆಸ್ಪತ್ರೆಗೆ ಸೇರಿಸಿ, ತಡಮಾಡದೆ ಹತ್ತಿರದ ಸೇನಾ ಆಸ್ಪತ್ರೆಗೂ ಯೂನಿಟ್ಟಿಗೂ ತಿಳಿಸಿ, ಬಿಲ್ಲು ಮತ್ತು ಡಿಸ್‌ಚಾರ್ಜ್ ಕಾಗದಗಳ ಮೂಲಪ್ರತಿಯನ್ನು ಯಾರ ಕೈಗೂ ಕೊಡದೆ ಇಟ್ಟುಕೊಳ್ಳಿ.

ಹೊಲದ ಬದುವಿನ ಬಗ್ಗೆ: ಪಹಣಿ ಯಾರ ಹೆಸರಿನಲ್ಲಿದೆ ಎಂದು ನೀವು ಬರೆದಿಲ್ಲ. ಮಾವನವರ ಹೆಸರಿನಲ್ಲಿದ್ದರೆ ಮಗ ಬರುವವರೆಗೆ ಕಾಯುವ ಕಾರಣವೇ ಇಲ್ಲ. ಹದ್ದುಬಸ್ತು ಅಳತೆಗೆ ಮಾವನವರೇ ಅರ್ಜಿ ಹಾಕಬಹುದು. ಭೂಮಾಪಕರು ಬಂದು, ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಎಲ್ಲೆ ಗುರುತಿಸಿ ಕೊಡುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತ ನಾಟಿಯಾದ ಮೇಲೆ ಗದ್ದೆಯಲ್ಲಿ ಅಳತೆ ಕಷ್ಟ, ಆದ್ದರಿಂದ ಕಾಲ ನೋಡಿ ಹಾಕಿಸಿ. ಭೂಮಿ ನಿಮ್ಮ ಪತಿಯ ಹೆಸರಿನಲ್ಲಿದ್ದರೆ ಅವರು ತಮ್ಮ ಕಮಾಂಡಿಂಗ್ ಅಧಿಕಾರಿಗೆ ಅರ್ಜಿ ಕೊಡಲಿ. ಅಲ್ಲಿಂದ ಜಿಲ್ಲಾಧಿಕಾರಿಗಳಿಗೂ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ಪತ್ರ ಬರುತ್ತದೆ, ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರುವುದರಿಂದ ಅಂಥ ಪತ್ರ ಮೂಲೆಗೆ ಬೀಳುವುದು ಕಡಿಮೆ. ದಾಯಾದಿಗಳು ಕೋರ್ಟಿಗೆ ಹೋಗುತ್ತೇವೆಂದು ಹೆದರಿಸಿದರೂ ನೀವು ಕಂಗೆಡಬೇಕಿಲ್ಲ. ಯುದ್ಧದಂಥ ಇಲ್ಲವೇ ವಿಶೇಷ ಸನ್ನಿವೇಶದಲ್ಲಿ ಸೇವೆಯಲ್ಲಿರುವ ಸೈನಿಕನು ಹಾಜರಾಗಲಾರದ ಸಿವಿಲ್ ದಾವೆಯನ್ನು ತಡೆಹಿಡಿಯಲು, ಅವನ ಬೆನ್ನ ಹಿಂದೆ ಆದ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಲು 1925ರಷ್ಟು ಹಿಂದೆಯೇ ಸೈನಿಕರ ವ್ಯಾಜ್ಯಗಳಿಗೆಂದು ಕಾಯ್ದೆಯಾಗಿದೆ. ನೋಟಿಸು ಬಂದರೆ ಬೀರುವಿನಲ್ಲಿ ಮುಚ್ಚಿಡದೆ ಯೂನಿಟ್ಟಿಗೆ ಪ್ರತಿ ಕಳಿಸುವುದಷ್ಟೇ ನಿಮ್ಮ ಕೆಲಸ.

ಇದನ್ನು ಯಜಮಾನರಿಗೆ ತಿಳಿಸಬೇಕೇ ಎಂದು ಕೇಳಿದ್ದೀರಿ. ತಿಳಿಸಬೇಕು. ಅಲ್ಲಿರುವವರಿಗೆ ಚಿಂತೆ ಕೊಡಬಾರದೆಂದು ಎಲ್ಲವನ್ನೂ ಮುಚ್ಚಿಟ್ಟ ಮನೆಗಳಲ್ಲಿ ಊರಿನ ಮತ್ತೊಬ್ಬರ ಬಾಯಿಂದ ಅರ್ಧಂಬರ್ಧ ಸುದ್ದಿ ಹೋಗಿ ದೊಡ್ಡ ಅನಾಹುತವಾಗಿದೆ. ಆದರೆ ರಾತ್ರಿ ಕಾವಲಿಗೆ ಹೋಗುವ ಮುನ್ನ ಮಾಡಿದ ಕರೆಯಲ್ಲಿ ‘ಬದು ಸರಿಸಿದರು’ ಎಂದಷ್ಟೇ ಹೇಳಿ ಫೋನು ಕಡಿದುಹೋದರೆ ಆ ಮನುಷ್ಯನ ರಾತ್ರಿ ಹೇಗಿರಬೇಕು ಯೋಚಿಸಿ. ಕಾಗದದಲ್ಲಿ, ಏನಾಯಿತು, ಮಾವನವರು ಏನು ಮಾಡಿದ್ದಾರೆ, ಮುಂದೆ ಯಾವ ದಿನ ಅಳತೆ ಎಂಬ ಕ್ರಮದಲ್ಲಿ ಬರೆಯಿರಿ.

ಮಗಳ ವಿಷಯ ನಿಮಗೆ ಎಲ್ಲಕ್ಕಿಂತ ನೋವು ಕೊಟ್ಟಿದೆ ಎಂದು ಅಕ್ಷರಗಳಲ್ಲೇ ಕಾಣುತ್ತದೆ. ಮೂರೂವರೆ ವರ್ಷದ ಮಗುವಿಗೆ ‘ಎರಡು ವರ್ಷ’ ಎಂದರೆ ಏನೆಂದು ಗೊತ್ತಿಲ್ಲ; ಜೊತೆಯಲ್ಲಿದ್ದ ಅಪ್ಪ ಒಂದು ದಿನ ಫೋನಿನೊಳಗೆ ಹೋಗಿ ಕುಳಿತದ್ದು ಮಾತ್ರ ಗೊತ್ತು. ಅವಳ ಮೌನ ಮರೆವಿನಿಂದಲ್ಲ, ಮುನಿಸಿನಿಂದ ಬಂದದ್ದು. ಮಾತನಾಡೆಂದು ಕಿವಿಗೆ ಫೋನು ಒತ್ತಬೇಡಿ. ಸ್ಪೀಕರಿಗೆ ಹಾಕಿ ನೀವು ಮಾತನಾಡುತ್ತಿರಿ, ಅವಳು ಅಲ್ಲೇ ಆಡುತ್ತಿರಲಿ. ಅವರು ಸಿಗ್ನಲ್ ಇರುವಾಗ ಒಂದು ಕಥೆಯನ್ನೋ ಹಾಡನ್ನೋ ಧ್ವನಿಮುದ್ರಿಸಿ ಕಳಿಸಿದರೆ ಮಲಗುವ ಹೊತ್ತಿಗೆ ದಿನವೂ ಅದನ್ನೇ ಕೇಳಿಸಿ. ನಿಮ್ಮ ಕಾಗದದ ಕೊನೆಗೆ ಅವಳ ಅಂಗೈ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ‘ನಾಳೆ ಬರ್ತಾರೆ’ ಎಂಬ ಸುಳ್ಳನ್ನು ಮನೆಯಲ್ಲಿ ಯಾರೂ ಹೇಳಕೂಡದು, ‘ಅಪ್ಪ ಬರಲಿ, ಹೇಳ್ತೀನಿ’ ಎಂಬ ಬೆದರಿಕೆಯನ್ನಂತೂ ಅಜ್ಜಿಯೂ ಹಾಕಕೂಡದು.

ಯೂನಿಟ್ಟಿನ ಹೆಸರನ್ನು ಏಕೆ ತೆಗೆದೆ ಎಂಬುದಕ್ಕೆ ಈಗ ಬರುತ್ತೇನೆ. ಸೈನಿಕರ ಮನೆಯವರಿಗೆ ಅಧಿಕಾರಿಗಳ ದನಿಯಲ್ಲಿ ಫೋನು ಮಾಡಿ, ‘ನಿಮ್ಮವರ ಯೂನಿಟ್ ಎಲ್ಲಿದೆ, ಯಾವಾಗ ಮೂವ್ ಆಗುತ್ತದೆ’ ಎಂದು ಕೇಳಿ ಮಾಹಿತಿ ಕದಿಯುವವರಿದ್ದಾರೆ. ರೆಕಾರ್ಡ್ ಆಫೀಸಿನಿಂದ ಎಂದು ಹೇಳಿ ಓಟಿಪಿ ಕೇಳಿ ಖಾತೆ ಬರಿದು ಮಾಡುವವರೂ ಇದ್ದಾರೆ. ನಿಜವಾದ ಕಚೇರಿಗೆ ಆ ಎರಡರಲ್ಲಿ ಯಾವುದನ್ನೂ ನಿಮ್ಮಿಂದ ಕೇಳುವ ಅಗತ್ಯವಿಲ್ಲ. ಸಮವಸ್ತ್ರದ ಫೋಟೋ, ಹಿಮದ ಗುಡ್ಡದ ಹಿನ್ನೆಲೆಯ ವಿಡಿಯೊ, ರಜೆಯ ದಿನಾಂಕ ಇವನ್ನು ಸ್ಟೇಟಸ್ಸಿಗೆ ಹಾಕಬೇಡಿ. ನೆಗೆಣ್ಣಿಗೂ ಮೈದುನನಿಗೂ ಇದನ್ನೇ ಹೇಳಿ, ಹೆಮ್ಮೆಯಿಂದ ಹಾಕುವವರು ಹೆಚ್ಚಾಗಿ ಅವರೇ.

ಶಾಲೆಯ ಕೆಲಸಕ್ಕೆ ಖಂಡಿತ ಹೋಗಿ. ಸಂಬಳ ಕಡಿಮೆಯಿದ್ದರೂ ಬೆಳಗ್ಗೆ ಒಂಬತ್ತಕ್ಕೆ ಹೊರಡುವ ಕಾರಣವೊಂದಿದ್ದರೆ ದಿನಕ್ಕೆ ಒಂದು ಆಕಾರ ಬರುತ್ತದೆ. ಸರ್ಕಾರಿ ಹುದ್ದೆಗಳನ್ನೂ ಬಿಡದೆ ನೋಡುತ್ತಿರಿ, ಅದಕ್ಕೆ ಬೇಕಾಗುವ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿಯ) ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಮನೆಯಲ್ಲಿ ಬೇಡವೆಂದರೆ, ಫೀಲ್ಡಿಗೆ ಹೋದವರ ಕುಟುಂಬಗಳಿಗೆಂದು ಕೆಲವು ಸೇನಾ ನೆಲೆಗಳಲ್ಲಿ ಪ್ರತ್ಯೇಕ ಕ್ವಾರ್ಟರ್ಸ್ ಇರುತ್ತವೆ, ಅದಕ್ಕೆ ಅರ್ಜಿ ಹಾಕುವ ದಾರಿಯೂ ಉಂಟು. ಆದರೆ ಸರದಿ ಉದ್ದ, ಮತ್ತು ಮೂರೂವರೆ ವರ್ಷದ ಮಗುವನ್ನು ನೋಡಿಕೊಳ್ಳಲು ಅಜ್ಜಿಯಿರುವ ಮನೆಯನ್ನು ಬಿಟ್ಟು ಹೋಗುವುದಕ್ಕೆ ನಾನಾದರೆ ಅವಸರಪಡುವುದಿಲ್ಲ.

ನಿದ್ದೆಯಿಲ್ಲದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ, ಊಟ ಬೇಡವಾದರೆ, ಕಾರಣವಿಲ್ಲದೆ ಮಗಳ ಮೇಲೆ ಕೈ ಎತ್ತುವಂತಾದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಸೈನಿಕರಿಗೂ ಅವರ ಕುಟುಂಬಗಳಿಗೂ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರದೇ ಒಂದು ವಿಭಾಗವನ್ನು 2023ರಲ್ಲಿ ತೆರೆದಿದ್ದಾರೆ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು: ಅವರು ರಜೆಗೆ ಬಂದಾಗಿನ ದಿನಗಳು. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ ಉಂಟು, ಯೂನಿಟ್ಟಿನ ಅಗತ್ಯ ನೋಡಿ ಕಂತುಗಳಲ್ಲಿ ಸಿಗುತ್ತದೆ. ಗುಂತಕಲ್ಲಿನಲ್ಲೋ ಹೊಸಪೇಟೆಯಲ್ಲೋ ರೈಲಿಳಿದು ಮನೆಗೆ ಬಂದ ಮನುಷ್ಯನಿಗೆ, ತಾನಿಲ್ಲದೆಯೂ ನಡೆಯಲು ಕಲಿತ ಮನೆ ಎದುರಾಗುತ್ತದೆ. ಗ್ಯಾಸ್ ಬುಕ್ ಮಾಡಿದವರು ನೀವು, ಅಳತೆ ಮಾಡಿಸಿದವರು ಮಾವ, ತನ್ನ ಹಾಸಿಗೆಯ ಜಾಗದಲ್ಲಿ ಮಲಗಿದವಳು ಮಗಳು. ಮೊದಲ ವಾರದ ಸಿಡುಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಗಳ ಒಂದು ಕೆಲಸವನ್ನು, ಸ್ನಾನವನ್ನೋ ಜಡೆಯನ್ನೋ, ಪೂರ್ತಿ ಅವರಿಗೆ ಒಪ್ಪಿಸಿ; ಅಡ್ಡಾದಿಡ್ಡಿಯಾಗಿ ಮಾಡಿದರೂ ತಿದ್ದಬೇಡಿ. ಹುಲಿಗೆಮ್ಮನ ಹರಕೆ, ಬೀಗರ ಮದುವೆ, ಗೆಳೆಯರ ಊಟ ಎಂದು ರಜೆ ಕರಗಿಹೋಗುವ ಮುನ್ನ ಎರಡು ದಿನವನ್ನು ಕಾಗದಪತ್ರಕ್ಕೆಂದೇ ಎತ್ತಿಡಿ: ಒಂದು ದಿನ ಬ್ಯಾಂಕು, ಇನ್ನೊಂದು ದಿನ ಉಪನೋಂದಣಿ ಕಚೇರಿ. ಆಸ್ತಿಯ ನೋಂದಣಿ ಕೆಲಸಕ್ಕೆ ನಿಮ್ಮ ಹೆಸರಿಗೆ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಬೇಕಾದರೆ ಬರಿಯ ಸಹಿ ಹಾಕಿದ ಕಾಗದ ನಡೆಯುವುದಿಲ್ಲ, ಉಪನೋಂದಣಾಧಿಕಾರಿಯ ಮುಂದೆಯೇ ಮಾಡಿಸಬೇಕು.

ಪಂಚಮಿಗೆ ತವರಿಗೆ ಹೋಗುವುದು ತಪ್ಪೇ ಎಂದಿರಿ. ಗಂಡ ಗಡಿಯಲ್ಲಿದ್ದರೆ ಹೆಂಡತಿ ಜೋಕಾಲಿ ಜೀಕಬಾರದೆಂಬ ನಿಯಮ ನಮ್ಮ ಕಡೆ ಯಾವ ಹಿರಿಯರೂ ಮಾಡಿಟ್ಟಿಲ್ಲ. ಅಣ್ಣನೋ ತಮ್ಮನೋ ಕರೆಯಲು ಬಂದಾಗ ಅತ್ತೆಯವರಿಗೆ ಹೇಳಿ, ಹೋಗಿ ಬನ್ನಿ. ಹೊರಡುವ ಹದಿನೈದು ದಿನ ಮುಂಚೆ ತವರಿನ ಒಂದು ಫೋನ್ ನಂಬರನ್ನೂ ಅಲ್ಲಿ ಎಷ್ಟು ದಿನ ಇರುತ್ತೀರಿ ಎಂಬುದನ್ನೂ ಕಾಗದದಲ್ಲಿ ಬರೆದು ಹಾಕಿದರೆ, ನಿಮ್ಮದು ಹತ್ತದಿದ್ದಾಗ ಅವರು ಅಲ್ಲಿಗೆ ಮಾಡುತ್ತಾರೆ. ಹಬ್ಬದ ಉಂಡಿ ಕಳಿಸುವುದಾದರೆ ಎಳ್ಳಿನದು, ಶೇಂಗಾದ್ದು ದಾರಿಯಲ್ಲಿ ತಡವಾದರೂ ತಡೆಯುತ್ತವೆ; ಹಾಲು ಚಿಮುಕಿಸಿ ಕಟ್ಟಿದ ರವೆ ಉಂಡಿ ಹಳಸುತ್ತದೆ, ಅದನ್ನು ಅವರು ಬಂದಾಗ ಮಾಡಿ.